ಪಿಡುಫಾ ಡೇಟ್ ಓದುವುದು ಹೇಗೆ? ಅಮೆರಿಕದ ಹೊಸ ಔಷಧಗಳ ಗಡುವು, ಶುಲ್ಕ, ಅನುಮತಿ

ಔಷಧ ಕಂಪನಿಗಳ ಸುದ್ದಿಯಲ್ಲಿ ಒಂದು ತಾರೀಖು ಪದೇ ಪದೇ ಬರುತ್ತದೆ: "ಪಿಡುಫಾ ಡೇಟ್ ಇಂಥ ದಿನ." ಓದಿದ ತಕ್ಷಣ ಕೆಲವರು ಶೇರು ಕೊಳ್ಳುತ್ತಾರೆ. ಇನ್ನು ಕೆಲವರು ಮನೆಯಲ್ಲಿ ಕಾಯಿಲೆ ಬಿದ್ದವರಿಗೆ "ಇನ್ನೇನು, ಔಷಧ ಬಂದೇಬಿಟ್ಟಿತು" ಅಂತ ಧೈರ್ಯ ಹೇಳುತ್ತಾರೆ. ಇಬ್ಬರದೂ ಅವಸರವೇ. ಹೊಸ ಔಷಧ ಮಾರಲು ಕಂಪನಿ ಕೊಟ್ಟ ಅರ್ಜಿಗೆ ಆ ದಿನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಉತ್ತರ ಕೊಡುತ್ತೇನೆ ಅಂದಿರುತ್ತದೆ, ಅಷ್ಟೆ. ಉತ್ತರ ಹೌದೋ ಅಲ್ಲವೋ ಎಂಬುದು ತಾರೀಖಿನಲ್ಲಿ ಇರುವುದಿಲ್ಲ.

ನಮ್ಮ ಸಕಾಲ ನೆನಪು ಮಾಡಿಕೊಳ್ಳಿ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಇಷ್ಟು ದಿನದೊಳಗೆ ವಿಲೇವಾರಿ ಅಂತ ಚೀಟಿ ಕೊಡುತ್ತಾರೆ. ವಿಲೇವಾರಿ ಅಂದರೆ ಮಂಜೂರು ಅಂತಲ್ಲ, ತಿರಸ್ಕಾರವೂ ವಿಲೇವಾರಿಯೇ. ಒಂದು ವ್ಯತ್ಯಾಸ ಇದೆ. ಸಕಾಲದಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಎಫ್‌ಡಿಎ ತಡ ಮಾಡಿದರೆ ಕಂಪನಿಗೆ ಒಂದು ಪೈಸೆಯೂ ಸಿಗುವುದಿಲ್ಲ, ಕಟ್ಟಿದ ಕೋಟಿಗಟ್ಟಲೆ ಶುಲ್ಕವೂ ವಾಪಸ್ ಬರುವುದಿಲ್ಲ. ಆದರೂ ಹೆಚ್ಚಿನ ಗಡುವುಗಳನ್ನು ಎಫ್‌ಡಿಎ ಪಾಲಿಸುತ್ತದೆ. ಯಾಕೆ ಅಂತ ಗೊತ್ತಾದರೆ ಈ ತಾರೀಖನ್ನು ಓದುವುದು ಅರ್ಧ ಬಂದಹಾಗೆ.

ಹಂತ 1: ತಾರೀಖು ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ

ಗರ್ಭಿಣಿಯರು ನುಂಗಿದ ಥಾಲಿಡೊಮೈಡ್ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ನಂತರ, 1962ರಲ್ಲಿ ಅಮೆರಿಕ ತನ್ನ ಔಷಧ ಕಾನೂನನ್ನು ಬಿಗಿ ಮಾಡಿತು. ಔಷಧ ಸುರಕ್ಷಿತ ಅಂತ ತೋರಿಸಿದರೆ ಸಾಲದು, ಕೆಲಸ ಮಾಡುತ್ತದೆ ಅಂತಲೂ ಸಾಬೀತು ಮಾಡಬೇಕು ಅಂದಿತು. ಅರ್ಜಿಗೆ 180 ದಿನದಲ್ಲಿ ಉತ್ತರ ಕೊಡಬೇಕು ಅಂತ ಕಾನೂನಿನಲ್ಲಿ ಇತ್ತು. ಕಾಗದದ ಮೇಲೆ ಮಾತ್ರ. ಅರ್ಜಿಗಳು ರಾಶಿ ಬೀಳುತ್ತಿದ್ದವು, ಓದಲು ಜನ ಇರಲಿಲ್ಲ, ಎರಡು ವರ್ಷಕ್ಕೂ ಜಾಸ್ತಿ ಕಾಯುವುದು ಮಾಮೂಲಾಗಿತ್ತು. ಯುರೋಪಿನಲ್ಲಿ ಸಿಗುವ ಔಷಧ ಅಮೆರಿಕದಲ್ಲಿ ಸಿಗುತ್ತಿಲ್ಲ ಅನ್ನುವ ದೂರು 1970ರ ದಶಕದಿಂದಲೂ ಇತ್ತು. ಅದಕ್ಕೆ ಕಾವು ಬಂದದ್ದು ಏಡ್ಸ್‌ನಿಂದ. 1988ರ ಅಕ್ಟೋಬರ್ 11ರಂದು ಏಡ್ಸ್ ಹೋರಾಟದ ಗುಂಪಾದ ಆಕ್ಟ್ ಅಪ್ ಕಾರ್ಯಕರ್ತರು ಮೇರಿಲ್ಯಾಂಡ್‌ನ ರಾಕ್‌ವಿಲ್‌ನಲ್ಲಿದ್ದ ಎಫ್‌ಡಿಎ ಕಚೇರಿಯನ್ನು ಮುತ್ತಿದರು. ಸಾಯುತ್ತಿರುವವರಿಗೆ ಕಾಯಲು ಪುರುಸೊತ್ತು ಎಲ್ಲಿ?

1992ರಲ್ಲಿ ಒಂದು ಕೊಡುಕೊಳ್ಳುವಿಕೆ ನಡೆಯಿತು. ಕಂಪನಿಗಳು ಅರ್ಜಿಗೆ ಶುಲ್ಕ ಕಟ್ಟಬೇಕು. ಆ ಹಣದಲ್ಲಿ ಎಫ್‌ಡಿಎ ಸುಮಾರು 600 ಪರಿಶೀಲಕರನ್ನು ನೇಮಿಸಿಕೊಳ್ಳಬೇಕು, ಗಡುವಿನೊಳಗೆ ಉತ್ತರ ಕೊಡಬೇಕು. ಶುಲ್ಕದ ಹಣ ಸರ್ಕಾರದ ಖಜಾನೆಯಲ್ಲಿ ಕರಗಿಹೋಗಬಾರದು ಅಂತ ಕಂಪನಿಗಳು ಷರತ್ತು ಹಾಕಿದವು. ಸರ್ಕಾರ ಮೊದಲು ಕೊಡುತ್ತಿದ್ದ ಅನುದಾನ ನಿಲ್ಲಬಾರದು, ಅದರ ಮೇಲೆ ಇದು ಸೇರಬೇಕು. ಹೀಗೆ ಹುಟ್ಟಿದ್ದು ಪ್ರಿಸ್ಕ್ರಿಪ್ಷನ್ ಡ್ರಗ್ ಯೂಸರ್ ಫೀ ಆಕ್ಟ್. ಚಿಕ್ಕದಾಗಿ ಪಿಡುಫಾ.

ಇದರಲ್ಲಿ ಒಂದು ಜಾಣತನ ಇದೆ, ಅನೇಕರು ಗಮನಿಸುವುದಿಲ್ಲ. ಶುಲ್ಕ ಇರುವುದು ಕಾನೂನಿನಲ್ಲಿ. ಗಡುವು ಇರುವುದು ಕಾನೂನಿನಲ್ಲಲ್ಲ, ಅದರ ಜೊತೆಗೆ ಸಂಸತ್ತಿಗೆ ಹೋಗುವ ಒಂದು ಪತ್ರದಲ್ಲಿ. ಎಫ್‌ಡಿಎ ಮತ್ತು ಕಂಪನಿಗಳು ಕೂತು ಮಾತಾಡಿ ಬರೆದ ಪತ್ರ ಅದು. ಇಡೀ ವ್ಯವಸ್ಥೆಗೆ ಐದೇ ವರ್ಷ ಆಯಸ್ಸು. ಸಂಸತ್ತು ಮತ್ತೆ ಪಾಸು ಮಾಡದಿದ್ದರೆ ಶುಲ್ಕ ನಿಲ್ಲುತ್ತದೆ, ಶುಲ್ಕ ನಿಂತರೆ ಸಂಬಳ ನಿಲ್ಲುತ್ತದೆ. ಮಾನವ ಔಷಧಗಳ ಪರಿಶೀಲನೆಗೆ ಎಫ್‌ಡಿಎ ಖರ್ಚು ಮಾಡುವ ಹಣದಲ್ಲಿ ಈಗ ಸುಮಾರು ಮೂರನೇ ಎರಡು ಪಾಲು ಇಂಥ ಶುಲ್ಕಗಳದ್ದೇ. ದಂಡ ಇಲ್ಲದೆಯೂ ಗಡುವು ಯಾಕೆ ನಡೆಯುತ್ತದೆ ಅಂತ ಈಗ ಅರ್ಥವಾಯಿತಲ್ವಾ?

ಫಲಿತಾಂಶ ಬೇಗ ಕಂಡಿತು. ಸಾಮಾನ್ಯ ಅರ್ಜಿಗಳಿಗೆ ಅನುಮತಿ ಸಿಗುವ ಮಧ್ಯಮ ಅವಧಿ (ಅರ್ಧ ಅರ್ಜಿಗಳಿಗೆ ಇದಕ್ಕಿಂತ ಕಡಿಮೆ, ಅರ್ಧಕ್ಕೆ ಹೆಚ್ಚು) 1993ರಲ್ಲಿ 27 ತಿಂಗಳಿತ್ತು, 2001ಕ್ಕೆ 14 ತಿಂಗಳಾಯಿತು.

ಹಂತ 2: ಯಾವ ಗಡಿಯಾರ ಓಡುತ್ತಿದೆ ನೋಡಿ

ಎರಡು ಗಡಿಯಾರಗಳಿವೆ. ಸ್ಟ್ಯಾಂಡರ್ಡ್ ಪರಿಶೀಲನೆಗೆ 10 ತಿಂಗಳು, ಪ್ರಯಾರಿಟಿ ಪರಿಶೀಲನೆಗೆ 6 ತಿಂಗಳು. ಗಂಭೀರ ಕಾಯಿಲೆಗೆ ಈಗಿರುವುದಕ್ಕಿಂತ ಗಣನೀಯವಾಗಿ ಉತ್ತಮವಾದ ಔಷಧ ಅನ್ನಿಸಿದರೆ ಎರಡನೆಯದು.

ಇಲ್ಲೇ ಲೆಕ್ಕ ತಪ್ಪುವುದು. ಹಿಂದೆಂದೂ ಅನುಮತಿ ಸಿಗದ ಹೊಸ ರಾಸಾಯನಿಕ ಅಥವಾ ಹೊಸ ಬಯಾಲಜಿಕ್ (ಜೀವಕೋಶಗಳಿಂದ ತಯಾರಿಸುವ ಔಷಧ) ಆಗಿದ್ದರೆ ಗಡಿಯಾರ ಅರ್ಜಿ ಕೊಟ್ಟ ದಿನ ಶುರುವಾಗುವುದಿಲ್ಲ. ಅರ್ಜಿ ಪೂರ್ತಿ ಇದೆಯೋ ಇಲ್ಲವೋ ಅಂತ ನೋಡಲು ಮೊದಲು 60 ದಿನ ಬೇಕು, ಅದು ಮುಗಿದ ಮೇಲೆ ಶುರು. 2012ರ ತಿದ್ದುಪಡಿಯಿಂದ ಹೀಗೆ. ಆದ್ದರಿಂದ ನೀವು ಕ್ಯಾಲೆಂಡರ್‌ನಲ್ಲಿ ಎಣಿಸಬೇಕಾದದ್ದು ಅರ್ಜಿ ಕೊಟ್ಟ ದಿನದಿಂದ 12 ತಿಂಗಳು, ಪ್ರಯಾರಿಟಿ ಆದರೆ 8 ತಿಂಗಳು. ಹಳೆಯ ಔಷಧದ ಹೊಸ ರೂಪ, ಹೊಸ ಡೋಸ್ ಇಂಥವಕ್ಕೆ ಅರ್ಜಿ ಮುಟ್ಟಿದ ದಿನದಿಂದಲೇ 10 ಅಥವಾ 6.

ನೆನಪು ಅಳಿಸುವ ಕಾಯಿಲೆ ಆಲ್ಜೈಮರ್ಸ್‌ಗೆ ಬಂದ ಅಡುಹೆಲ್ಮ್ ಎಂಬ ಔಷಧವನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಬಯೋಜೆನ್ ಕಂಪನಿ 2020ರ ಜುಲೈ ಮೊದಲ ವಾರದಲ್ಲಿ ಅರ್ಜಿ ಪೂರ್ತಿ ಮಾಡಿತು. ಹೊಸ ಬಯಾಲಜಿಕ್, ಪ್ರಯಾರಿಟಿ ಸಿಕ್ಕಿತು. ಜುಲೈಗೆ 8 ತಿಂಗಳು ಸೇರಿಸಿ. 2021ರ ಮಾರ್ಚ್. ಕಂಪನಿ ಪ್ರಕಟಿಸಿದ ತಾರೀಖು ಮಾರ್ಚ್ 7.

ಒಂದು ಸಣ್ಣ ವಿಷಯ. ಗಡುವು ಭಾನುವಾರ ಬಿದ್ದರೆ ಉತ್ತರ ಸಾಮಾನ್ಯವಾಗಿ ಶುಕ್ರವಾರದೊಳಗೇ ಬಂದುಬಿಡುತ್ತದೆ.

ಇನ್ನೊಂದು. ಎಫ್‌ಡಿಎ ಮಾತು ಕೊಟ್ಟಿರುವುದು 90 ಶೇಕಡಾ ಅರ್ಜಿಗಳಿಗೆ. ನಿಮ್ಮ ಔಷಧ ಉಳಿದ 10ರಲ್ಲಿ ಇರಬಹುದು.

ಹಂತ 3: ಶುಲ್ಕ ಯಾರು ಕಟ್ಟಿದರು, ಎಷ್ಟು?

1993ರಲ್ಲಿ ರೋಗಿಗಳ ಮೇಲಿನ ಪ್ರಯೋಗದ ದತ್ತಾಂಶ ಇರುವ ಅರ್ಜಿಗೆ 1 ಲಕ್ಷ ಡಾಲರ್ ಇತ್ತು. 2025ರ ಅಕ್ಟೋಬರ್‌ನಿಂದ 2026ರ ಸೆಪ್ಟೆಂಬರ್‌ವರೆಗಿನ ವರ್ಷಕ್ಕೆ ಅದು 46,82,003 ಡಾಲರ್. ನಮ್ಮ ಲೆಕ್ಕದಲ್ಲಿ 40 ಕೋಟಿ ರೂಪಾಯಿಗೂ ಜಾಸ್ತಿ. ಅಂಥ ದತ್ತಾಂಶ ಬೇಕಿಲ್ಲದ ಅರ್ಜಿಗೆ ಅರ್ಧ. ಅನುಮತಿ ಸಿಕ್ಕ ಮೇಲೆ ಪ್ರತಿ ವರ್ಷ ಬೇರೆ ಶುಲ್ಕ ಇದೆ.

"ಇಷ್ಟು ದುಡ್ಡು ಕಟ್ಟಿಸಿಕೊಂಡ ಮೇಲೆ ಇಲ್ಲ ಅನ್ನೋಕೆ ಆಗುತ್ತಾ" ಅಂತ ಅನುಮಾನ ಬರುವುದು ಸಹಜ. ಅನ್ನುತ್ತಾರೆ. ಅಂದರೂ ಹಣ ಎಫ್‌ಡಿಎ ಬಳಿಯೇ ಉಳಿಯುತ್ತದೆ. ಅರ್ಜಿ ಅಪೂರ್ಣ ಅಂತ 60 ದಿನದ ಹಂತದಲ್ಲೇ ವಾಪಸ್ ಮಾಡಿದರೆ ಮಾತ್ರ ಶೇಕಡಾ 75ರಷ್ಟು ಹಿಂದಿರುಗಿಸುತ್ತಾರೆ. ಹಾಗಾಗಿ ಒಂದೊಂದು ಅರ್ಜಿಯ ಶುಲ್ಕದ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ತಕರಾರು ಇರುವುದು ಗಡುವುಗಳನ್ನು ಬರೆದ ಆ ಪತ್ರದ ಬಗ್ಗೆ. ಐದು ವರ್ಷಕ್ಕೊಮ್ಮೆ ಪರೀಕ್ಷೆ ಬರೆಯುವವರೂ ತಿದ್ದುವವರೂ ಒಂದೇ ಮೇಜಿನಲ್ಲಿ ಕೂತು ಎಷ್ಟು ಹೊತ್ತಿನಲ್ಲಿ ತಿದ್ದಬೇಕು ಅಂತ ಗೊತ್ತುಮಾಡಿಕೊಳ್ಳುತ್ತಾರೆ. ರೋಗಿಗಳ ಸಂಘಗಳ ಜೊತೆಗೂ ಸಭೆ ನಡೆಯುತ್ತದೆ, ಆದರೆ ಅದು ಬೇರೆ ಸಭೆ.

ಸಣ್ಣ ಕಂಪನಿಯ ಸುದ್ದಿ ಓದುತ್ತಿದ್ದರೆ ವಿನಾಯಿತಿ ಇದೆಯಾ ನೋಡಿ. 500ಕ್ಕಿಂತ ಕಡಿಮೆ ನೌಕರರಿರುವ ಕಂಪನಿಯ ಮೊದಲ ಅರ್ಜಿಗೆ ಶುಲ್ಕ ಮನ್ನಾ ಕೇಳಬಹುದು. ಅಮೆರಿಕದಲ್ಲಿ 2 ಲಕ್ಷಕ್ಕಿಂತ ಕಡಿಮೆ ಜನರಿಗಿರುವ ಅಪರೂಪದ ಕಾಯಿಲೆಯ ಔಷಧಕ್ಕೆ, ಅಂದರೆ ಆರ್ಫನ್ ಡ್ರಗ್‌ಗೆ, ಅರ್ಜಿ ಶುಲ್ಕ ಇಲ್ಲ. ಕಂಪನಿಗಳು ಅಪರೂಪದ ಕಾಯಿಲೆಗಳ ಕಡೆ ಇಷ್ಟು ಒಲವು ತೋರಿಸುವುದಕ್ಕೆ ಇದೂ ಒಂದು ಕಾರಣ, ಇದೊಂದೇ ಅಲ್ಲ.

ಹಂತ 4: ದಾರಿಯ ಮಧ್ಯದ ಸೂಚನೆಗಳನ್ನು ಗಮನಿಸಿ

60ನೇ ದಿನಕ್ಕೆ ಅರ್ಜಿ ಸ್ವೀಕಾರವಾಯಿತೋ ಇಲ್ಲವೋ ಗೊತ್ತಾಗುತ್ತದೆ. ಸ್ವೀಕಾರವಾದರೆ ಕಂಪನಿ ಅದನ್ನು ದೊಡ್ಡ ಸುದ್ದಿ ಮಾಡುತ್ತದೆ. ಸುಮ್ನೆ ಹಿಗ್ಗಬೇಡಿ, ಫೈಲು ಓದಲು ಯೋಗ್ಯ ಅಂತಷ್ಟೇ ಅದರ ಅರ್ಥ. 74ನೇ ದಿನದೊಳಗೆ, ಮೊದಲ ನೋಟಕ್ಕೆ ಕಂಡ ಕೊರತೆಗಳ ಪತ್ರ ಕಂಪನಿಗೆ ಹೋಗುತ್ತದೆ. ಆಮೇಲೆ ಅರ್ಧ ದಾರಿಯಲ್ಲಿ ಒಂದು ಮಾತುಕತೆ, ಕೊನೆ ಹತ್ತಿರ ಇನ್ನೊಂದು. ಇವುಗಳಲ್ಲಿ ನಡೆದದ್ದು ಹೊರಗಿನವರಿಗೆ ಆಗ ಸಿಗುವುದು ಕಡಿಮೆ.

ಹೊರಗೆ ಕಾಣುವುದು ಎರಡು. ಒಂದು, ಹೊರಗಿನ ತಜ್ಞರ ಸಲಹಾ ಸಮಿತಿ ಸಭೆ. ಎಲ್ಲ ಔಷಧಕ್ಕೂ ಇದು ಇರುವುದಿಲ್ಲ. ಇದ್ದರೆ ಬಹಿರಂಗವಾಗಿ ನಡೆಯುತ್ತದೆ, ಮತಕ್ಕೆ ಹಾಕುತ್ತಾರೆ. ಆ ಮತಕ್ಕೆ ಎಫ್‌ಡಿಎ ಕಟ್ಟುಬಿದ್ದಿಲ್ಲ. ಎರಡು, ಗಡುವಿನ ವಿಸ್ತರಣೆ. ಪರಿಶೀಲನೆ ನಡುವೆ ಕಂಪನಿ ದೊಡ್ಡ ಪ್ರಮಾಣದ ಹೊಸ ಮಾಹಿತಿ ಕೊಟ್ಟರೆ ಎಫ್‌ಡಿಎ ಗಡುವನ್ನು ಮೂರು ತಿಂಗಳು ಮುಂದೂಡಬಹುದು.

ಅಡುಹೆಲ್ಮ್‌ನಲ್ಲಿ ಎರಡೂ ಆದವು. 2020ರ ನವೆಂಬರ್ 6ರಂದು ಸಮಿತಿ ಸೇರಿತು. ಒಂದು ಪ್ರಯೋಗದಲ್ಲಿ ಲಾಭ ಕಂಡಿತ್ತು, ಅದೇ ಥರದ ಇನ್ನೊಂದರಲ್ಲಿ ಕಂಡಿರಲಿಲ್ಲ. ಲಾಭ ಕಂಡದ್ದನ್ನೇ ಮುಖ್ಯ ಪುರಾವೆ ಅಂತ ಒಪ್ಪಬಹುದಾ ಅಂತ ಕೇಳಿದಾಗ 11 ಮಂದಿಯಲ್ಲಿ ಒಬ್ಬರೂ ಹೌದು ಅನ್ನಲಿಲ್ಲ. ಹತ್ತು ಮಂದಿ ಇಲ್ಲ ಅಂದರು, ಒಬ್ಬರು ಹೇಳಲಾರೆ ಅಂದರು. ಮಾರ್ಚ್ 7ಕ್ಕೆ ಮುಂಚೆ, ಜನವರಿ ಕೊನೆಯಲ್ಲಿ, ಗಡುವು ಮೂರು ತಿಂಗಳು ಮುಂದೆ ಹೋಯಿತು. ಮಾರ್ಚ್ 7ಕ್ಕೆ ಮೂರು ಸೇರಿಸಿದರೆ ಜೂನ್ 7. ಅನುಮತಿ ಬಂದದ್ದು ಸರಿಯಾಗಿ 2021ರ ಜೂನ್ 7ರಂದು. ಕಾರಣ ಕೂಡ ಬದಲಾಗಿತ್ತು: ನೆನಪಿನ ಶಕ್ತಿ ಉಳಿಯುತ್ತದೆ ಅಂತಲ್ಲ, ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಪದಾರ್ಥ ಕಡಿಮೆಯಾಗುತ್ತದೆ, ಅದರಿಂದ ಲಾಭ ಆಗುವ ಸಂಭವ ಇದೆ ಅಂತ. ಸಮಿತಿಯ ಮೂವರು ರಾಜೀನಾಮೆ ಕೊಟ್ಟರು. 2024ರ ಜನವರಿಯಲ್ಲಿ ಬಯೋಜೆನ್ ತಾನೇ ಆ ಔಷಧವನ್ನು ಕೈಬಿಡುವುದಾಗಿ ಹೇಳಿತು.

ಗಡುವು ಮುಂದೆ ಹೋದರೆ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳುತ್ತಾರೆ. ನನ್ನ ಪ್ರಕಾರ ಅದು ಇಷ್ಟನ್ನೇ ಹೇಳುತ್ತದೆ: ಮಾತು ಇನ್ನೂ ನಡೆಯುತ್ತಿದೆ. ಇಲ್ಲ ಅಂತ ನಿರ್ಧಾರವಾಗಿದ್ದರೆ ಇನ್ನಷ್ಟು ಕಾಗದ ಓದಲು ಸಮಯ ಕೇಳುವ ಅಗತ್ಯ ಅಷ್ಟು ಇರುವುದಿಲ್ಲ.

ಹಂತ 5: ಕಾರ್ಖಾನೆ ಎಲ್ಲಿದೆ ಅಂತ ಕೇಳಿ

ಈ ಹಂತ ಬೆಂಗಳೂರಿನವರಿಗೆ ಹತ್ತಿರದ್ದು. ಬಯೋಸಿಮಿಲರ್‌ಗಳಿಗೆ, ಅಂದರೆ ಈಗಾಗಲೇ ಇರುವ ಬಯಾಲಜಿಕ್‌ಗೆ ಸರಿಸಮನಾಗಿ ಬೇರೆ ಕಂಪನಿ ತಯಾರಿಸುವ ಔಷಧಗಳಿಗೆ, ಬೇರೆ ಶುಲ್ಕ ಕಾನೂನು ಇದೆ, 2012ರದ್ದು, ಬಿಸುಫಾ ಅಂತ. ಗಡುವಿನ ತರ್ಕ ಅದೇ. ಬೆಂಗಳೂರಿನ ಬಯೋಕಾನ್ ಮತ್ತು ಅದರ ಜೊತೆಗಾರ ಮೈಲಾನ್ ಕಂಪನಿಗಳ ಮೂರು ಔಷಧಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗಡುವಿನ ಮೂರು ಮುಖಗಳು ಕಾಣುತ್ತವೆ.

ಮೊದಲನೆಯದು ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮಾಬ್. 2017ರ ಜುಲೈನಲ್ಲಿ ಸಲಹಾ ಸಮಿತಿ 16-0 ಮತಗಳಿಂದ ಒಪ್ಪಿತು. ಗಡುವು ಸೆಪ್ಟೆಂಬರ್ 3 ಇತ್ತು, ಡಿಸೆಂಬರ್ 3ಕ್ಕೆ ಹೋಯಿತು. ಆ ದಿನ ಭಾನುವಾರ. ಅನುಮತಿ ಬಂದದ್ದು ಡಿಸೆಂಬರ್ 1, ಶುಕ್ರವಾರ. ಎರಡನೆಯದು ಕೀಮೋಥೆರಪಿ ಸಮಯದಲ್ಲಿ ಬಿಳಿ ರಕ್ತಕಣ ಕುಸಿಯದಂತೆ ಕೊಡುವ ಪೆಗ್‌ಫಿಲ್‌ಗ್ರಾಸ್ಟಿಮ್. 2017ರ ಅಕ್ಟೋಬರ್ 9ರ ಗಡುವಿಗೆ ಉತ್ತರ ಬಂತು, ಆದರೆ ಅನುಮತಿ ಬರಲಿಲ್ಲ. ಕಾರ್ಖಾನೆಗೆ ಸಂಬಂಧಿಸಿದ ಮಾಹಿತಿ ಇನ್ನೂ ಬೇಕು ಅಂದರು. ಅನುಮತಿ 2018ರ ಜೂನ್ 4ರಂದು.

ಮೂರನೆಯದು ಬೆವಾಸಿಜುಮಾಬ್, ಇದೂ ಕ್ಯಾನ್ಸರ್ ಔಷಧವೇ. ಗಡುವು 2020ರ ಡಿಸೆಂಬರ್ 27. ತಯಾರಿಸುವ ಘಟಕವನ್ನು ಎಫ್‌ಡಿಎಯವರು ಬಂದು ನೋಡಬೇಕಿತ್ತು. ಕೋವಿಡ್ ಪ್ರಯಾಣ ನಿರ್ಬಂಧದಿಂದ ಬರಲಾಗಲಿಲ್ಲ. ಹೌದೂ ಇಲ್ಲ, ಅಲ್ಲವೂ ಇಲ್ಲ, ಗಡುವು ಹಾಗೇ ದಾಟಿಹೋಯಿತು. ಎಲ್ಲ ಮುಗಿದು ಅನುಮತಿ ಬಂದದ್ದು 2025ರ ಏಪ್ರಿಲ್‌ನಲ್ಲಿ.

ಆದ್ದರಿಂದ ಭಾರತದಲ್ಲಿ ತಯಾರಾಗುವ ಔಷಧದ ಗಡುವು ಓದುವಾಗ, ಪ್ರಯೋಗದ ಫಲಿತಾಂಶದಷ್ಟೇ ಗಮನವನ್ನು ಕಾರ್ಖಾನೆ ತಪಾಸಣೆಗೂ ಕೊಡಿ. ತಪಾಸಣೆ ಆಯಿತಾ, ಕೊನೆಗೆ ಕೈಗೆ ಕೊಡುವ ಫಾರ್ಮ್ 483ರಲ್ಲಿ ಎಷ್ಟು ಆಕ್ಷೇಪ ಇವೆ, ಕಂಪನಿ ಉತ್ತರ ಕೊಟ್ಟಿತಾ ನೋಡಿ. ಶೇರುಪೇಟೆಗೆ ಕಂಪನಿಗಳು ಕೊಡುವ ಪ್ರಕಟಣೆಯಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ, ತಲೆಬರಹದಲ್ಲಿ ಇರುವುದಿಲ್ಲ.

ಹಂತ 6: ವೋಚರ್ ಇದೆಯಾ?

2007ರಲ್ಲಿ ಅಮೆರಿಕ ಒಂದು ಹೊಸ ಬಹುಮಾನ ತಂದಿತು. ಬಡ ದೇಶಗಳಲ್ಲಿ ಕಾಡುವ, ಲಾಭ ತರದ ಕಾಯಿಲೆಗೆ ಔಷಧ ತಂದು ಅನುಮತಿ ಪಡೆದರೆ ಒಂದು ವೋಚರ್. ಅದನ್ನು ಬೇರೆ ಯಾವುದೇ ಔಷಧದ ಅರ್ಜಿಗೆ ಬಳಸಿ 10 ತಿಂಗಳ ಗಡಿಯಾರವನ್ನು 6ಕ್ಕೆ ಇಳಿಸಬಹುದು. ಮಾರಲೂಬಹುದು. ಮುಂದೆ ಅಪರೂಪದ ಮಕ್ಕಳ ಕಾಯಿಲೆಗಳಿಗೂ ಇದನ್ನು ವಿಸ್ತರಿಸಿದರು.

ನಾಲ್ಕು ತಿಂಗಳಿಗೆ ಬೆಲೆ ಎಷ್ಟು? 2014ರಲ್ಲಿ ಸನೋಫಿ ಮತ್ತು ರೀಜೆನೆರಾನ್ ಒಂದು ವೋಚರ್‌ಗೆ 6.75 ಕೋಟಿ ಡಾಲರ್ ಕೊಟ್ಟವು. ಅವರ ಕೊಲೆಸ್ಟ್ರಾಲ್ ಇಂಜೆಕ್ಷನ್ ಪ್ರಾಲ್ಯುಯೆಂಟ್, ಆಮ್ಜೆನ್ ಕಂಪನಿಯ ರೆಪಾಥಾ ಎಂಬುದಕ್ಕಿಂತ ಸುಮಾರು ಮೂರು ತಿಂಗಳು ತಡವಾಗಿ ಎಫ್‌ಡಿಎ ಬಾಗಿಲು ತಟ್ಟಿತ್ತು. ವೋಚರ್ ಹಾಕಿದರು. ಪ್ರಾಲ್ಯುಯೆಂಟ್‌ಗೆ ಅನುಮತಿ 2015ರ ಜುಲೈ 24ರಂದು, ರೆಪಾಥಾಗೆ ಆಗಸ್ಟ್ 27ರಂದು. ಹಿಂದೆ ಬಂದವರು ಮುಂದೆ ಹೋದರು. ಅದೇ ವರ್ಷ ಇನ್ನೊಂದು ವೋಚರ್ 35 ಕೋಟಿ ಡಾಲರ್‌ಗೆ ಮಾರಾಟವಾಯಿತು.

ಇದರಲ್ಲಿ ಭಾರತಕ್ಕೆ ಚುರುಕ್ ಅನ್ನಿಸುವ ಕಥೆಯೊಂದಿದೆ. ಬಿಹಾರದಲ್ಲಿ ಕಾಡಿದ ಕಾಲಾ ಅಜಾರ್ ಜ್ವರಕ್ಕೆ ಬಾಯಲ್ಲಿ ನುಂಗುವ ಮಾತ್ರೆ ಮಿಲ್ಟೆಫೊಸಿನ್ ನಮ್ಮಲ್ಲಿ 2002ರಲ್ಲೇ ಅನುಮತಿ ಪಡೆದಿತ್ತು. ಹನ್ನೆರಡು ವರ್ಷ ಕಳೆದು, 2014ರಲ್ಲಿ ನೈಟ್ ಎಂಬ ಕಂಪನಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅಲ್ಲಿಗೆ ಹೊಸದು, ಹಾಗಾಗಿ ವೋಚರ್ ಸಿಕ್ಕಿತು. ಅದನ್ನು ಗಿಲಿಯಡ್‌ಗೆ 12.5 ಕೋಟಿ ಡಾಲರ್‌ಗೆ ಮಾರಿದರು. ಆ ವೋಚರ್‌ನಿಂದ ಬಿಹಾರದ ರೋಗಿಗೆ ಏನು ಬಂತು?

2025ರ ಜೂನ್‌ನಲ್ಲಿ ಎಫ್‌ಡಿಎ ಇನ್ನೊಂದು ಬಗೆಯ ವೋಚರ್ ಪ್ರಕಟಿಸಿತು. ರಾಷ್ಟ್ರೀಯ ಆದ್ಯತೆಗೆ ಹೊಂದುವ ಔಷಧಕ್ಕೆ ಒಂದೆರಡು ತಿಂಗಳಲ್ಲೇ ಉತ್ತರ ಅಂತ. ಇದನ್ನು ಮಾರುವಂತಿಲ್ಲ. ಯಾರಿಗೆ ಕೊಡಬೇಕು ಅಂತ ಆಯುಕ್ತರ ಮಟ್ಟದಲ್ಲೇ ನಿರ್ಧಾರ ಆಗುವುದರಿಂದ, ಸುದ್ದಿಯಲ್ಲಿ ವೋಚರ್ ಅಂತ ಕಂಡರೆ ಯಾವ ವೋಚರ್ ಅಂತ ಕೇಳಿ.

ಹಂತ 7: ಉತ್ತರ ಇಲ್ಲ ಅಂತ ಬಂದರೆ

ಅದಕ್ಕೆ ಕಂಪ್ಲೀಟ್ ರೆಸ್ಪಾನ್ಸ್ ಲೆಟರ್ ಅನ್ನುತ್ತಾರೆ, ಸಿಆರ್‌ಎಲ್. ಏನೇನು ಸರಿ ಮಾಡಬೇಕು ಅಂತ ಬರೆದಿರುತ್ತದೆ. ಸಣ್ಣ ತಿದ್ದುಪಡಿ ಆದರೆ ಮತ್ತೆ ಸಲ್ಲಿಸಿದ ಮೇಲೆ 2 ತಿಂಗಳು, ದೊಡ್ಡದಾದರೆ 6 ತಿಂಗಳು. ಮತ್ತೆ ಶುಲ್ಕ ಕಟ್ಟಬೇಕಿಲ್ಲ. ಹೀಗಾಗಿ ಕಂಪನಿಯ ಪ್ರಕಟಣೆಯಲ್ಲಿ "ಕ್ಲಾಸ್ 1", "ಕ್ಲಾಸ್ 2" ಅನ್ನುವ ಮಾತು ಹುಡುಕಿ. ಕ್ಲಾಸ್ 1 ಅಂದರೆ ಲೇಬಲ್‌ನಂಥ ಸಣ್ಣ ವಿಷಯ.

ಹಿಂದೆ ಈ ಪತ್ರಗಳ ಬಗ್ಗೆ ಕಂಪನಿ ಹೇಳಿದ್ದನ್ನೇ ನಂಬಬೇಕಿತ್ತು. 2025ರ ಜುಲೈನಲ್ಲಿ ಎಫ್‌ಡಿಎ 200ಕ್ಕೂ ಹೆಚ್ಚು ಹಳೆಯ ಪತ್ರಗಳನ್ನು ಬಹಿರಂಗ ಮಾಡಿತು. ಕಂಪನಿಯ ಪ್ರಕಟಣೆಯನ್ನೂ ಪತ್ರವನ್ನೂ ಒಟ್ಟಿಗೆ ಓದಿ ನೋಡಿ, ಪತ್ರಿಕಾ ಪ್ರಕಟಣೆ ಓದುವ ಕಣ್ಣೇ ಬದಲಾಗುತ್ತದೆ.

ಹಂತ 8: ಅನುಮತಿ ಗಡುವಿನ ಅಂಚಿನಲ್ಲಿ ಬಂತಾ ನೋಡಿ

ಅವಸರದಲ್ಲಿ ತಪ್ಪಾಗುತ್ತದಾ? 2008ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಕಾರ್ಪೆಂಟರ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಡುವಿಗೆ ಮುಂಚಿನ ಎರಡು ತಿಂಗಳಲ್ಲಿ ಅನುಮತಿ ಪಡೆದ ಔಷಧಗಳಿಗೆ ಮುಂದೆ ಮಾರುಕಟ್ಟೆಯಿಂದ ವಾಪಸಾತಿ, ಲೇಬಲ್ ಮೇಲೆ ಕಪ್ಪು ಚೌಕಟ್ಟಿನ ಗಂಭೀರ ಎಚ್ಚರಿಕೆ ಇಂಥವು ಹೆಚ್ಚು ಬಂದಿವೆ ಅಂದರು. ದತ್ತಾಂಶದಲ್ಲಿ ತಪ್ಪಿದೆ ಅಂತ ಎಫ್‌ಡಿಎ ಆಕ್ಷೇಪಿಸಿತು. ಲೇಖಕರು ಕೆಲವನ್ನು ತಿದ್ದಿದರು, ಮುಖ್ಯ ಮಾತನ್ನು ಬಿಡಲಿಲ್ಲ.

ನಾನು ಇದನ್ನು ತೂಕದ ಮಾತು ಅಂತ ಇಟ್ಟುಕೊಳ್ಳುತ್ತೇನೆ, ತೀರ್ಪು ಅಂತಲ್ಲ. ನೋವಿನ ಮಾತ್ರೆ ವಯಾಕ್ಸ್ ಕೂಡ 1999ರಲ್ಲಿ ಆರು ತಿಂಗಳ ಗಡಿಯಾರದಲ್ಲೇ ಅನುಮತಿ ಪಡೆದಿತ್ತು. ಹೃದಯಾಘಾತದ ಅಪಾಯದಿಂದಾಗಿ 2004ರ ಸೆಪ್ಟೆಂಬರ್ 30ರಂದು ಕಂಪನಿಯೇ ವಾಪಸ್ ತೆಗೆದುಕೊಂಡಿತು. ಇದಕ್ಕೆ ಗಡುವೇ ಕಾರಣ ಅಂತ ಹೇಳಲಾಗದು. ಅಪಾಯ ಸ್ಪಷ್ಟವಾಗಲು ವರ್ಷಗಟ್ಟಲೆ ಜನ ನುಂಗಬೇಕಾಯಿತು. ಮೊದಲ ಶುಲ್ಕ ಕಾನೂನಿನಲ್ಲಿ ಮಾತ್ರ ಒಂದು ನಿಜವಾದ ಕೊರತೆ ಇತ್ತು: ಆ ಹಣವನ್ನು ಅನುಮತಿಯ ನಂತರದ ನಿಗಾಕ್ಕೆ ಬಳಸುವಂತಿರಲಿಲ್ಲ. ಬಾಗಿಲು ಬೇಗ ತೆಗೆಯಲು ದುಡ್ಡು, ಒಳಗೆ ಬಂದವರನ್ನು ನೋಡಿಕೊಳ್ಳಲು ಇಲ್ಲ. ಮುಂದಿನ ನವೀಕರಣಗಳಲ್ಲಿ, ಮುಖ್ಯವಾಗಿ 2007ರಲ್ಲಿ, ಇದನ್ನು ಸರಿ ಮಾಡಿದರು.

ಮನೆಗೆ ಹೊಸ ಔಷಧ ಬರೆದುಕೊಟ್ಟರೆ ಡಾಕ್ಟರನ್ನು ಕೇಳಲು ಇದರಿಂದ ಒಂದು ಒಳ್ಳೆಯ ಪ್ರಶ್ನೆ ಸಿಗುತ್ತದೆ: "ಇದು ಮಾರುಕಟ್ಟೆಗೆ ಬಂದು ಎಷ್ಟು ವರ್ಷ ಆಯ್ತು ಡಾಕ್ಟ್ರೇ, ಹಳೆಯದು ಯಾಕೆ ಸಾಲದು?"

ನಮ್ಮಲ್ಲಿ ಹೇಗೆ?

ಭಾರತದ 2019ರ ನ್ಯೂ ಡ್ರಗ್ಸ್ ಆಂಡ್ ಕ್ಲಿನಿಕಲ್ ಟ್ರಯಲ್ಸ್ ನಿಯಮಗಳಲ್ಲೂ ಗಡುವು, ಶುಲ್ಕ ಎರಡೂ ಇವೆ. ಶುಲ್ಕ ಲಕ್ಷಗಳಲ್ಲಿ, ಕೋಟಿಗಳಲ್ಲಿ ಅಲ್ಲ. ಆದರೆ ಗಡುವಿಗೆ ಬೇರೆಯೇ ಹಲ್ಲು ಇದೆ. ಇಲ್ಲೇ ಕಂಡುಹಿಡಿದು ಇಲ್ಲೇ ತಯಾರಿಸುವ ಔಷಧದ ಕ್ಲಿನಿಕಲ್ ಟ್ರಯಲ್ ಅರ್ಜಿಗೆ 30 ಕೆಲಸದ ದಿನದಲ್ಲಿ ಉತ್ತರ ಬರದಿದ್ದರೆ ಅನುಮತಿ ಸಿಕ್ಕಿದೆ ಅಂತಲೇ ಲೆಕ್ಕ. ಅಮೆರಿಕದಲ್ಲೂ ಟ್ರಯಲ್ ಶುರು ಮಾಡಲು ಇಂಥ 30 ದಿನದ ನಿಯಮ ಇದೆ. ಮಾರಾಟದ ಅನುಮತಿಗೆ ಮಾತ್ರ ಅಲ್ಲಿ ಮೌನ ಸಮ್ಮತಿಯಲ್ಲ. ಗಡುವು ದಾಟಿದರೆ ಅರ್ಜಿ ಇನ್ನೂ ಮೇಜಿನ ಮೇಲೇ ಇದೆ ಅಂತ.

ಈಗಿನ ಪಿಡುಫಾ 2027ರ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಮುಂದಿನ ಐದು ವರ್ಷದ ಪತ್ರಕ್ಕಾಗಿ ನಡೆದ ಮಾತುಕತೆಗಳ ನಡಾವಳಿ ಎಫ್‌ಡಿಎ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಂದೊಂದೂ ಕೆಲವೇ ಪುಟ, ಓದಲು ಸಪ್ಪೆ. ಯಾರು ಏನು ಕೇಳಿದರು ಅಂತ ಅಲ್ಲೇ ಇದೆ.